ಸಲೀಮನಿಗೆ ತಲುಪದ ಕೊನೆಯ ಸಾಲು

1999ರ ಮಾತು. ಕೆ.ಆರ್. ಪೇಟೆಯಲ್ಲಿ ಮಾದೇಶಣ್ಣ ಕಂಪ್ಯೂಟರ್ ಸೆಂಟರ್ ಇಟ್ಟಿದ್ದರು. ಅಲ್ಲಿ ಟೈಪು ಮಾಡುವ ಕೆಲಸ ನನ್ನದು. ಆಗ ಇಂಟರ್‌ನೆಟ್ಟಿನಲ್ಲಿ ಕನ್ನಡ ಕಳಿಸುವುದೆಂದರೆ ದೊಡ್ಡ ಪಾಡು. ಮಾದೇಶಣ್ಣ ಹಟ ಹಿಡಿದು ಮಾಡ್ಯೂಲು ಅಂತ ಒಂದು ಪುಟ್ಟ ಪ್ರೋಗ್ರಾಮು ಬರೆದರು. ಅದು ಮೈಸೂರಿನಲ್ಲಿದ್ದ ಸರ್ವರಿನೊಳಗೇ ಕೂತು, ನಾನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿ ಕಳಿಸಿದ್ದನ್ನು ದಾರಿಯಲ್ಲೇ ಹಿಡಿದು, ಕನ್ನಡ ಅಕ್ಷರಕ್ಕೆ ತಿದ್ದಿ ಮುಂದಕ್ಕೆ ಬಿಡುತ್ತಿತ್ತು. ದೂರದಲ್ಲಿದ್ದವರು ನಮ್ಮ ಪುಟ ತೆರೆದು ಓದಿಕೊಳ್ಳುತ್ತಿದ್ದರು. "ಊಟ ಆಯ್ತಾ", "ಮಳೆ ಬಂತಾ" ಅಂತೆಲ್ಲ ಕಳಿಸಿ ನೋಡಿದೆವು. ಎಲ್ಲ ಸರಿಯಾಗಿ ಹೋಯಿತು. ಮಾದೇಶಣ್ಣ ಖುಷಿಯಿಂದ ಕಾಫಿ ತರಿಸಿದರು.

ರಹಮತ್ ಸಾಬರು ಸಂತೆಬಾಚಹಳ್ಳಿ ಸಂತೆಯಲ್ಲಿ ಎತ್ತುಗಳಿಗೆ ಲಾಳ ಕಟ್ಟುವವರು. ತಾಯಿಯಿಲ್ಲದ ತಮ್ಮ ಸಲೀಮನನ್ನು ಎತ್ತಿ ಆಡಿಸಿ ಸಾಕಿದವರು ಅವರೇ. ಸಲೀಮ ಮಸ್ಕತ್ತಿನಲ್ಲಿ ಡ್ರೈವರು. ಸಾಬರಿಗೆ ಕಿವಿ ಮಂದ, ಫೋನು ಆಗಿಬರುತ್ತಿರಲಿಲ್ಲ. ಸಲೀಮ ಕನ್ನಡ ಶಾಲೆಯಲ್ಲಿ ಓದಿದವನಾದ್ದರಿಂದ, ಸಾಬರು ಶುಕ್ರವಾರ ನಮಾಜು ಮುಗಿಸಿ ನಮ್ಮಲ್ಲಿಗೆ ಬಂದು ಹೇಳಿ ಬರೆಸುತ್ತಿದ್ದರು.

ನಮ್ಮ ಸೀಮೆಯವರು ವಿಷಯಕ್ಕೆ ನೇರವಾಗಿ ಬರುವವರೇ ಅಲ್ಲ. ಮೊದಲು ಮಳೆ, ನಾಲೆ ನೀರು, ಯಾರ ಮನೆ ಹಸು ಕರು ಹಾಕಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು. ನಿಜವಾದ ಮಾತು ಎದ್ದು ಹೊರಡುವಾಗ. ಸಾಬರೂ ಹಾಗೇ. ಆ ವರ್ಷ ಅವರ ಹೊಟ್ಟೆಯಲ್ಲಿ ಗೆಡ್ಡೆ ಇದೆ ಎಂದು ಡಾಕ್ಟರು ಹೇಳಿದ್ದರು. ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ, "ಇದೊಂದು ಬರಿಯವ್ವ. ನಂಗೆ ಉಸಾರಿಲ್ಲ ಕಣ್ಲಾ ಸಲೀಮ. ಒಂದ್ಸಲ ಬಂದೋಗು, ನಿನ್ ಮಕ ನೋಡ್ಬೇಕು" ಎನ್ನುತ್ತಿದ್ದರು.

ಈಮೇಲಿನಲ್ಲಿ ಬರುತ್ತಿದ್ದ ಸಲೀಮನ ಉತ್ತರದಲ್ಲಿ ಕರು, ನಾಲೆ, ಮದುವೆ ಎಲ್ಲದರ ವಿಚಾರಣೆಯೂ ಇರುತ್ತಿತ್ತು. ಅಣ್ಣನ ಕಾಯಿಲೆಯ ಬಗ್ಗೆ ಮಾತ್ರ ಒಂದಕ್ಷರ ಇಲ್ಲ. ಓದಿ ಹೇಳುವಾಗ ನನಗೇ ಮೈಯುರಿಯುತ್ತಿತ್ತು. ಎಂಥ ಕಟುಕನಪ್ಪಾ ಇವನು ಅಂದುಕೊಳ್ಳುತ್ತಿದ್ದೆ.

"ಅಷ್ಟೇಯಾ?" ಎಂದು ಸಾಬರು ಕೇಳುತ್ತಿದ್ದರು. ಹೂಂ ಅಂದರೆ ಟೋಪಿ ಸರಿಮಾಡಿಕೊಂಡು, "ಇರ್ಲಿ ಬುಡವ್ವ. ಪಾಪ, ಅಲ್ಲಿ ರಜ ಕೊಡಾಕಿಲ್ವೇನೋ" ಎನ್ನುತ್ತಿದ್ದರು. ಕೊನೆಕೊನೆಗೆ ಆ ಸಮಾಧಾನದ ಮಾತನ್ನೂ ಬಿಟ್ಟರು. ಆಮೇಲೆ ಬರುವುದೇ ನಿಂತಿತು.

ಸಾಬರು ತೀರಿಹೋದ ಸುದ್ದಿಯನ್ನು ನೆರೆಯವರು ಫೋನು ಮಾಡಿ ತಿಳಿಸಿದರಂತೆ. ಸಲೀಮ ಬರುವಷ್ಟರಲ್ಲಿ ಮಣ್ಣಾಗಿತ್ತು. ಅತ್ತು ಕಣ್ಣು ಊದಿಸಿಕೊಂಡೇ ಸೆಂಟರಿಗೆ ಬಂದ. "ಅಕ್ಕ, ಅಣ್ಣಂಗೆ ಕಾಯ್ಲೆ ಅಂತ ಒಂದ್ಮಾತು ಯಾಕ್ ಬರೀಲಿಲ್ಲ ನೀವು?" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ಪ್ರತಿ ಸಲ್ವೂ ಬರ್ದಿವ್ನಿ ಕಣಪ್ಪ. ನೀನೇ ತಿರುಗ್ ನೋಡ್ಲಿಲ್ಲ" ಅಂದುಬಿಟ್ಟೆ.

ಕಳಿಸಿದ ಮೇಲೆ ನಾನು ಒಮ್ಮೆಯೂ ತೆರೆದು ನೋಡದಿದ್ದ ನಮ್ಮ ಪುಟವನ್ನು ಅವನು ತೆರೆಸಿದ. ಸಾಬರ ಒಂದೊಂದು ಬರಹವೂ ಊರಿನ ಸುದ್ದಿಯ ನಡುವೆಯೇ ಕತ್ತರಿಸಿ ನಿಂತಿತ್ತು. "ಅಣ್ಣ ಯಾವಾಗ್ಲೂ ಅಂಗೇ, ಎತ್ತು ಬಂದ್ರೆ ಮಾತ್ ಬುಟ್ಟು ಎದ್ದೋಗೋನು. ಇಲ್ಲೂ ಅಂಗೇ ಮಾಡವ್ನೆ ಅಂದ್ಕಂಡೆ" ಎಂದ.

ಮಾದೇಶಣ್ಣ ತಮ್ಮ ಮಾಡ್ಯೂಲನ್ನು ತೆಗೆದು ನೋಡಿದರು. ಮುಖ ಕಪ್ಪಿಟ್ಟಿತು. ಉದ್ದದ ಬರಹ ಸರ್ವರಿಗೆ ಒಂದೇ ಸಲಕ್ಕೆ ಬರುವುದಿಲ್ಲ, ಕಂತು ಕಂತಾಗಿ ಬರುತ್ತದೆ. ಮಾಡ್ಯೂಲು ಮೊದಲ ಕಂತನ್ನಷ್ಟೇ ತಿದ್ದಿ ಕಳಿಸಿ, ಮಿಕ್ಕಿದ್ದನ್ನು ಓದದೇ ಬಿಟ್ಟುಬಿಡುತ್ತಿತ್ತು. ನಾವು ಕಳಿಸಿ ನೋಡಿದ್ದೆಲ್ಲ ಚಿಕ್ಕಚಿಕ್ಕ ಮಾತು. ನಮ್ಮ ಕಡೆ ಅಷ್ಟರಲ್ಲೇ ಮಾತು ಮುಗಿಸುವವರು ಯಾರಿದ್ದಾರೆ?

ಸಲೀಮ ಯಾರನ್ನೂ ಬಯ್ಯಲಿಲ್ಲ. ಅಣ್ಣ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು, "ಕೊನೇಲಿ ಏನಂತಿದ್ದ, ಹೇಳಿ ಅಕ್ಕ" ಎಂದ. ಸಾಬರು ಹೇಳುತ್ತಿದ್ದಂತೆಯೇ ಹೇಳಿದೆ. "ಒಂದ್ಸಲ ಬಂದೋಗು, ನಿನ್ ಮಕ ನೋಡ್ಬೇಕು." ಅವನು "ಬಂದಿವ್ನಿ ಅಣ್ಣ" ಎಂದು ಮುಖ ಮುಚ್ಚಿಕೊಂಡ.

ಮಾಡ್ಯೂಲನ್ನು ಮಾದೇಶಣ್ಣ ಅವತ್ತೇ ಸರಿಮಾಡಿದರು. ಈಗ ನಾನು ಯಾರಿಗೆ ಏನು ಬರೆದರೂ ಮುಖ್ಯವಾದ ಮಾತನ್ನೇ ಮೊದಲು ಬರೆಯುತ್ತೇನೆ. "ಒಸಿ ಯೋಗಕ್ಷೇಮ ಇಚಾರ್ಸಬಾರ್ದಾ?" ಎಂದು ಮನೆಯವರು ರೇಗಿಸುತ್ತಾರೆ. ರೇಗಿಸಲಿ. ಆದರೆ ಸಾಬರು "ಅಷ್ಟೇಯಾ?" ಎಂದು ಕೇಳುತ್ತಿದ್ದದ್ದು ಈಗಲೂ ನೆನಪಾಗುತ್ತದೆ. ತಮ್ಮ ತನ್ನನ್ನು ಮರೆತಿರಲಿಲ್ಲ ಎಂಬುದು ಗೊತ್ತಾಗದೆಯೇ ಅವರು ಹೋಗಿಬಿಟ್ಟರು.