ಒಂದು ಪಾದದ ಎಣ್ಣೆ

ಚಾಮರಾಜಪೇಟೆಯ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿರುವ ಗಗನಾ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಅವಳ ಐದು ವರ್ಷದ ಮಗಳು ಯಶಶ್ರೀ ತುದಿಗಾಲಲ್ಲೇ ನಡೆಯುತ್ತಿದ್ದಳು. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಮೀನಖಂಡ ಬಿಗಿಯಾಗಿದೆ, ಮಂಡಿ ನೆಟ್ಟಗಿಟ್ಟು ಪಾದವನ್ನು ಮೇಲಕ್ಕೆ ಒತ್ತಿ ಹಿಡಿಯಬೇಕು, ದಿನವೂ ತಪ್ಪಬಾರದು ಎಂದು ಫಿಸಿಯೋಥೆರಪಿಸ್ಟ್ ಬಿಂದು ತೋರಿಸಿಕೊಟ್ಟಿದ್ದರು.

ಒತ್ತಲು ಕೂತರೆ ಮಗು ಅಳುತ್ತಿತ್ತು. ಹಾಗಾಗಿ ಗಗನಾ ಒಂದು ಉಪಾಯ ಮಾಡಿದಳು. ಸಾಕ್ಸ್ ಹಾಕುವಾಗ ಒಮ್ಮೆ ಒತ್ತುವುದು, ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುವಾಗ ಒಮ್ಮೆ, ಭಾನುವಾರ ಹರಳೆಣ್ಣೆ ಹಚ್ಚುವಾಗ ಇನ್ನೊಮ್ಮೆ. ಹಿಮ್ಮಡಿ ನಿಧಾನವಾಗಿ ಇಳಿಯತೊಡಗಿತು.

ಆದರೆ ಮಗಳು ಅವಳ ತೊಡೆಗೆ ಬರುವುದನ್ನೇ ಬಿಟ್ಟಳು. ಕಥೆಗೆ ಅಜ್ಜಿ, ಸಾಕ್ಸಿಗೆ ಅಪ್ಪ. ಗಗನಾ ಪಕ್ಕದಲ್ಲಿ ಕೂತರೆ ಸಾಕು, ಪಾದಗಳು ಫ್ರಾಕಿನಡಿ ಸರಿಯುತ್ತಿದ್ದವು.

“ಪೊಲೀಸ್ ಬಂದಂಗೆ ಬಚ್ಚಿಟ್ಕೊಳ್ತಾಳಲ್ಲೇ!” ಎಂದು ಅತ್ತೆ ಲಕ್ಷ್ಮೀದೇವಮ್ಮ ನಕ್ಕರು. ಗಗನಾಳಿಗೆ ನಗು ಬರಲಿಲ್ಲ. ಮೊದಲಿನಂತೆ ಮಗಳು ನಿದ್ದೆಗಣ್ಣಲ್ಲಿ ಎರಡೂ ಕಾಲನ್ನು ತನ್ನ ಮಡಿಲಿಗೆ ಎಸೆದು ಮಲಗುವುದು ಯಾವಾಗ?

ಮುಂದಿನ ಸಲ ಹೋದಾಗ ಗಗನಾ ಹೇಳಿದ್ದನ್ನು ಬಿಂದು ಎಲ್ಲ ಕೇಳಿಸಿಕೊಂಡರು. “ಯಾವಾಗ ಒತ್ತುತ್ತೀರೋ ಅಂತ ಅವಳಿಗೆ ಗೊತ್ತೇ ಆಗಲ್ವಲ್ಲ ಮೇಡಂ, ಅದಕ್ಕೇ ಮುಟ್ಟಿದ್ರೂ ಭಯ. ಚಾಪೆ ಮೇಲೆ ಮಾತ್ರ ಮಾಡಿ. ಚಾಪೆ ಅವಳೇ ಹಾಸ್ಲಿ. ‘ಸಾಕು’ ಅಂದ ತಕ್ಷಣ ಕೈ ಬಿಡಿ. ಸುತ್ತಿಟ್ಟ ಮೇಲೆ ನೀವು ಬರೀ ಅಮ್ಮ.”

ಮೊದಲ ದಿನ ಮುಟ್ಟಿದೊಡನೆ ಯಶಶ್ರೀ “ಸಾಕು” ಎಂದಳು. ಗಗನಾ ಕೈ ಬಿಟ್ಟಳು.

“ಅಷ್ಟೇನಾ?”

“ನೀನೇ ಹೇಳಿದ್ಯಲ್ಲ.”

“ಹಂಗಾದ್ರೆ ಇನ್ನೊಂದ್ಸಲ ಮಾಡು, ನೋಡೋಣ.”

ಬರಬರುತ್ತಾ ‘ಸಾಕು’ ತಡವಾಗಿ ಬರತೊಡಗಿತು. ಅಳು ನಿಂತಿತು. ಆದರೂ ಚಾಪೆ ಸುತ್ತಿದೊಡನೆ ಅಜ್ಜಿಯ ಕೋಣೆಗೆ ಓಟ.

ಒಂದು ಭಾನುವಾರ ಬಚ್ಚಲ ಮುಂದೆ ಮಣೆಯ ಮೇಲೆ ಮಗಳನ್ನು ಕೂರಿಸಿ, ನೆತ್ತಿಗೆ, ಬೆನ್ನಿಗೆ, ಮಂಡಿಗೆ ಎಣ್ಣೆ ಹಚ್ಚಿ ಗಗನಾ ಕೈ ನಿಲ್ಲಿಸಿದಳು.

“ಪಾದಕ್ಕೆ?” ಎಂದಳು ಯಶಶ್ರೀ.

“ನೀನು ಕೊಟ್ರೆ.”

“ಒತ್ತಲ್ವಾ?”

“ಚಾಪೆ ಎಲ್ಲಿದೆ ಹೇಳು?”

“ಬೀರು ಹಿಂದೆ.”

ಸ್ವಲ್ಪ ಯೋಚಿಸಿ ಬಲಪಾದವನ್ನು ಮುಂದಿಟ್ಟಳು. ಗಗನಾ ಬೆರಳ ಸಂದಿಗಳಿಗೆಲ್ಲ ಎಣ್ಣೆ ಸವರಿದಳು. ರೂಢಿಯಂತೆ ಅವಳ ಹೆಬ್ಬೆರಳು ಅಂಗಾಲಿನಡಿ ಸರಿಯಿತು, ತಟ್ಟನೆ ತೆಗೆದಳು. ಮಗಳು ನೋಡಿದಳು, ಪಾದ ಎಳೆದುಕೊಳ್ಳಲಿಲ್ಲ.

ಎಡಪಾದ ಮಾತ್ರ ಇನ್ನೂ ತೊಡೆಯಡಿ ಮಡಿಸಿಕೊಂಡೇ ಇತ್ತು. ಗಗನಾ ಅದನ್ನು ಕೇಳಲಿಲ್ಲ. ಅಂಗೈಯಲ್ಲಿ ಉಳಿದ ಎಣ್ಣೆಯನ್ನು ಒರೆಸಿಕೊಳ್ಳದೆ ಹಾಗೆಯೇ ಕೂತಿದ್ದಳು.