ಜೋಡಿ ಗೂಡಿನ ಅಕ್ಷರಗಳು

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಈಗಲೂ ಸದ್ದು ಬರುತ್ತದೆ. ಒಣಗಿದ ರೇಷ್ಮೆಗೂಡು, ಒಳಗೆ ಎರಡು ಸತ್ತ ಹುಳ. ಮೇಲೆ ಶಾಯಿಯಲ್ಲಿ ಬರೆದ ಇಂಗ್ಲಿಷಿನ ಆರ್ ಅಕ್ಷರ ಕಂದಿಹೋಗಿ ಕಾಫಿ ಕಲೆಯಾಗಿದೆ, ಆದರೂ ಓದಬಹುದು. ಮೊನ್ನೆ ಅಮ್ಮಿಯ ಟ್ರಂಕು ಖಾಲಿ ಮಾಡುವಾಗ ಹಳೇ ದುಪಟ್ಟಾದ ಗಂಟಿನಲ್ಲಿ ಸಿಕ್ಕಿತು. ಅಲ್ಲಾಡಿಸಿದೆ ಅಷ್ಟೇ, ಶಿಡ್ಲಘಟ್ಟದ ನಮ್ಮ ಮನೆಯ ಹಬೆ, ಬೆಂದ ಹುಳದ ನಾತ, ಅಕ್ಕನ ಕೆಮ್ಮು ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಆ ನಾತದಲ್ಲಿ ಬೆಳೆದವರು ನಿಮ್ಮಲ್ಲೂ ಇರಬಹುದು. ಅವತ್ತು ಮೂಗು ಮುಚ್ಚಿಕೊಂಡು ಓಡಾಡಿದ ನಾವೇ ಇವತ್ತು ಅದಕ್ಕಾಗಿ ಹಾತೊರೆಯುವುದು ನಿಮಗೂ ಗೊತ್ತಿರುತ್ತದೆ.

ನಮ್ಮದು ಗೂಡು ಬೇಯಿಸಿ ನೂಲು ತೆಗೆಯುವ ಮನೆ. ಮುಂದಿನ ಕೋಣೆಯಲ್ಲಿ ನಾವು, ಹಿಂದೆ ತಗಡಿನ ಚಾವಣಿಯ ಕೆಳಗೆ ಒಲೆ, ಕುದಿನೀರಿನ ಬಾಣಲೆ, ಚರಕ. ಅಬ್ಬಾ ಮಾರ್ಕೆಟ್ಟಿನಿಂದ ಗೂಡು ತರೋರು, ಅಮ್ಮಿ ಕೂತು ಆರಿಸೋಳು. ಬಾಣಲೆಯ ಮುಂದೆ ಕೂತು ಎಳೆ ಹಿಡಿಯೋಳು ನನ್ನ ಅಕ್ಕ ಜರೀನಾ, ನನ್ನ ಬಾಯಲ್ಲಿ ಆಪಾ. ಒಂಬತ್ತನೇ ಕ್ಲಾಸಿಗೇ ಅವಳ ಶಾಲೆ ಬಿಡಿಸಿದ್ದರು. ಬಿಸಿನೀರಲ್ಲಿ ಅದ್ದಿ ಅದ್ದಿ ಅವಳ ಬೆರಳುಗಳು ಯಾವಾಗಲೂ ಬೆಳ್ಳಗೆ ಊದಿಕೊಂಡಿರುತ್ತಿದ್ದವು. ಬೆರಳು ಹೋಗಲಿ, ಹಬೆ ಕುಡಿದು ಕುಡಿದು ಹದಿನೇಳಕ್ಕೇ ದಮ್ಮು ಹತ್ತಿತ್ತು. ಚಿಂತಾಮಣಿಯ ಡಾಕ್ಟರು, ನಾನೂ ಜೊತೆಗಿದ್ದೆ, ಅಬ್ಬಾಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು: "ಬೇರೆ ಯಾವ ಕೆಲಸಕ್ಕಾದ್ರೂ ಹಾಕಿ. ಈ ಹಬೇಲಿ ಕೂರಿಸಿದ್ರೆ ಹುಡುಗಿ ಉಳಿಯಲ್ಲ." ಬಸ್ಸಿನಲ್ಲಿ ಬರುವಾಗ ಅಬ್ಬಾ ತಮ್ಮಷ್ಟಕ್ಕೇ ಅಂದುಕೊಂಡರು, "ಬೇರೆ ಯಾವ ಕೆಲಸ ಬರುತ್ತೆ ಇವಳಿಗೆ?" ಮಾರನೇ ದಿನ ಆಪಾ ಮತ್ತೆ ಬಾಣಲೆಯ ಮುಂದಿದ್ದಳು.

ಅವಳಿಗೆ ಬೇರೆ ಏನು ಬರುತ್ತದೆ ಅಂತ ಗೊತ್ತಿದ್ದದ್ದು ನನಗೊಬ್ಬಳಿಗೇ. ಪಕ್ಕದ ಕ್ಷೌರದಂಗಡಿಗೆ ಇಂಗ್ಲಿಷ್ ಪೇಪರು ಬರುತ್ತಿತ್ತು, ಮಾರನೇ ದಿನ ನಾನು ಹೋಗಿ ಇಸ್ಕೊಂಡು ಬರುತ್ತಿದ್ದೆ. ಅದರ ಮಕ್ಕಳ ಪುಟದಲ್ಲಿ ವಾರಕ್ಕೊಂದು ಆಟ. ಮೂರು ಅಕ್ಷರ ಕೊಡುತ್ತಿದ್ದರು, ಆ ಮೂರೂ ಇರುವ ಪದ ಎಷ್ಟು ಸಿಗುತ್ತವೋ ಹುಡುಕಿ ಕಾರ್ಡಿನಲ್ಲಿ ಬರೆದು ಹಾಕಬೇಕು. ಆಪಾ ಅದಕ್ಕೆ ಜೋಡಿ ಗೂಡುಗಳನ್ನು ಎತ್ತಿಟ್ಟುಕೊಂಡಿದ್ದಳು. ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿಕೊಂಡರೆ ಅದು ಜೋಡಿ ಗೂಡು. ಎರಡರ ಎಳೆಯೂ ಸಿಕ್ಕುಬಿದ್ದಿರುವುದರಿಂದ ನೂಲು ಸಲೀಸಾಗಿ ಬರುವುದಿಲ್ಲ, ಅಮ್ಮಿ ಅವನ್ನು ಬೇರೆ ಕುಕ್ಕೆಗೆ ಎಸೆಯುತ್ತಿದ್ದಳು. ಅದರಿಂದ ಕದ್ದು, ಬಿಸಿಲಿಗೆ ಒಣಗಿಸಿ, ಒಂದೊಂದರ ಮೇಲೂ ಒಂದೊಂದು ಅಕ್ಷರ ಬರೆದು ಬಿಸ್ಕೆಟ್ ಡಬ್ಬಿಯಲ್ಲಿಟ್ಟಿದ್ದಳು. ಮಧ್ಯಾಹ್ನದ ನಮಾಜಿಗೆ ಒಲೆ ಆರಿಸಿ ಬಾಣಲೆಯ ನೀರು ಬದಲಾಯಿಸುವ ಹೊತ್ತೇ ನಮ್ಮ ಆಟದ ಹೊತ್ತು. ಮೊರದಲ್ಲಿ ಕೊಟ್ಟ ಮೂರು ಗೂಡನ್ನು ಇಟ್ಟು, ಮಿಕ್ಕಿದ್ದನ್ನು ಒಂದೊಂದಾಗಿ ಅದರ ಹಿಂದೆ ಮುಂದೆ ಸರಿಸುತ್ತಿದ್ದಳು. ಕುದಿಯುವ ನೂರು ಗೂಡಿನ ನಡುವೆ ಎಳೆಯ ತುದಿ ಹುಡುಕುವ ಕಣ್ಣು ಅದು, ಏನು ತಪ್ಪಿಸಿಕೊಳ್ಳುತ್ತೆ ಅದರಿಂದ? ಹಳೇ ಡಿಕ್ಷನರಿ ತೆಗೆದು ಅರ್ಥ ಓದದೆ ಒಂದು ಪದವನ್ನೂ ಕಾರ್ಡಿಗೆ ಹಾಕುತ್ತಿರಲಿಲ್ಲ. "ಅರ್ಥ ಯಾಕೆ ಆಪಾ, ಅವರೇನು ಕೇಳಿಲ್ಲವಲ್ಲ" ಅಂದರೆ, "ಬಾಯ್ಮುಚ್ಕೊಂಡು ಬರಿಯೇ ಸೋಂಬೇರಿ" ಅಂತ ತಲೆಗೆ ಮೊಟಕುತ್ತಿದ್ದಳು.

ಒಂದು ವಾರ ಟಿ, ಎಚ್, ಆರ್ ಕೊಟ್ಟಿದ್ದರು. ಫಾದರ್, ಮದರ್ ನಾನೇ ಹೇಳಿದೆ, ಅಲ್ಲಿಗೆ ನನ್ನ ಬುದ್ಧಿ ಮುಗೀತು. ಥ್ರೆಡ್, ಥ್ರೋಟ್, ಅರ್ತ್ ಅಂತ ಆಪಾ ನಾಲ್ಕು ಮಧ್ಯಾಹ್ನ ಕೂತು ನಲವತ್ತೊಂದು ಪದ ಹುಡುಕಿದಳು. ಕೊನೆಯದು ಬ್ರೆತ್. "ಉಸಿರು ಅಂತೆ ಕಣೇ" ಅಂದು ನಗಲು ಹೋಗಿ ಕೆಮ್ಮು ಹತ್ತಿಸಿಕೊಂಡಳು. ಮಕ್ಕಳ ಪುಟವಾದ್ದರಿಂದ ಕಾರ್ಡಿಗೆ ಐದನೇ ಕ್ಲಾಸಿನ ನನ್ನ ಹೆಸರೇ ಹಾಕಬೇಕಿತ್ತು. ಎರಡು ವಾರಕ್ಕೆ ಗೆದ್ದವರು ಅಂತ ನನ್ನ ಹೆಸರು, ಊರಿನ ಹೆಸರು, ಪಕ್ಕದಲ್ಲಿ ನಲವತ್ತೊಂದು ಪದ ಅಂತ ಪೇಪರಿನಲ್ಲಿ ಬಂತು. ಕ್ಷೌರದಂಗಡಿಯವರು ಅದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದರು. ಬೀದಿಗೆಲ್ಲ ನಾನೇ ದೊರೆಸಾನಿ.

ಬಸ್ ಸ್ಟ್ಯಾಂಡಿನ ಹಿಂದೆ ಆಗ ತಾನೇ ಒಂದು ಕಾನ್ವೆಂಟು ಶುರುವಾಗಿತ್ತು. ಅದರ ಹೆಡ್ ಮೇಡಂ ಕನ್ನಡಿಯ ಮೇಲಿನ ಆ ಚೂರನ್ನು ಓದಿಕೊಂಡು ಒಂದು ಬೆಳಿಗ್ಗೆ ನಮ್ಮ ಮನೆಗೇ ಬಂದುಬಿಟ್ಟರು. ಅಬ್ಬಾ ಗಡಿಬಿಡಿಯಲ್ಲಿ ಕುರ್ಚಿ ಒರೆಸಿ ಹಾಕಿ, ನನ್ನನ್ನು ಮುಂದಕ್ಕೆ ತಂದು, ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತರು. ಹುಟ್ಟಿದಾಗಿನಿಂದ ಆ ಕೈ ನನ್ನ ತಲೆಯ ಮೇಲೆ ಹಾಗೆ ಕೂತಿರಲಿಲ್ಲ.

"ಇಷ್ಟೊಂದು ಪದ ಯಾರಮ್ಮ ಹೇಳ್ಕೊಟ್ಟಿದ್ದು ನಿಂಗೆ?" ಅಂದರು ಮೇಡಂ.

"ಯಾರೂ ಇಲ್ಲ" ಅಂದೆ.

"ಓ, ಹಂಗಾದ್ರೆ ಸರಿ. ಮನೇಲಿ ಯಾರಾದ್ರೂ ಹೇಳ್ಕೊಡೋರು ಇದ್ರೆ ನಮ್ಮ ಸಣ್ಣ ಮಕ್ಕಳ ಕ್ಲಾಸಿಗೆ ಕರ್ಕೊಳ್ಳೋಣ ಅಂತ ಬಂದೆ. ಓದಿದ್ದು ಕಮ್ಮಿ ಇದ್ರೂ ಪರವಾಗಿಲ್ಲ ಅಂದ್ಕೊಂಡಿದ್ದೆ."

ಆಗಲಾದರೂ ಹೇಳಬಹುದಿತ್ತು. ಹತ್ತು ವರ್ಷದ ಮಗು, ಏನು ತಿಳಿಯುತ್ತೆ ಅಂತ ನೀವು ಅನ್ನಬಹುದು, ಬೇಡ, ಅನ್ನಬೇಡಿ. ಡಾಕ್ಟರ ಮಾತು ನನಗೆ ನೆನಪಿತ್ತು. ಬೇರೆ ಕೆಲಸ ಅಂದರೆ ಇದೇ ಅಂತಲೂ ಹೊಳೆಯಿತು. ಹೇಳಿದರೆ ಅಬ್ಬಾ ತಲೆಯಿಂದ ಕೈ ತೆಗೆಯುತ್ತಾರಲ್ಲ ಅಂತ ಸುಮ್ಮನಿದ್ದೆ. ಆಪಾ ಹಿಂದಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಒದ್ದೆ ಕೈಯನ್ನು ಕುರ್ತಾಗೆ ಒರೆಸಿಕೊಂಡು ನನ್ನ ಮುಖ ನೋಡಿದಳು. ಹೊರಗಿನವರ ಎದುರು ತಂಗಿಯನ್ನು ಸುಳ್ಳುಗಾತಿ ಮಾಡುವ ಹುಡುಗಿಯಲ್ಲ ಅವಳು. "ತುಂಬಾ ಜಾಣೆ ಮೇಡಂ ಇವಳು, ಎಲ್ಲ ಅವಳೇ ಮಾಡ್ತಾಳೆ" ಅಂದು ಚಹಾ ತರಲು ಒಳಗೆ ಹೋದಳು.

ಆಮೇಲೆ ಅವಳು ಡಬ್ಬಿ ತೆಗೆಯಲಿಲ್ಲ. ನಾನೇ ತಂದು ಮುಂದಿಟ್ಟರೆ, "ನಿಂಗೇ ಬರುತ್ತಲ್ಲ, ನೀನೇ ಮಾಡು" ಅಂದಳು. ಬೈದಿದ್ದರೆ ಚೆನ್ನಾಗಿತ್ತು, ಎರಡು ಬಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಮಧ್ಯಾಹ್ನವೆಲ್ಲ ಮೊರದ ಮುಂದೆ ಒಬ್ಬಳೇ ಕೂತು ಆರು ಪದವೂ ಹೊರಡದೆ ನಾನು ಎದ್ದುಹೋದೆ. ಆಪಾ ಇನ್ನೆರಡು ಚಳಿಗಾಲ ಬಾಣಲೆಯ ಮುಂದೆ ಕೂತಳು. ಮೂರನೆಯದಕ್ಕೆ ಅವಳು ಇರಲಿಲ್ಲ. ಕೊನೆಕೊನೆಗೆ ಅವಳು ಉಸಿರೆಳೆಯುವ ಸದ್ದು ಮುಂದಿನ ಕೋಣೆಗೂ ಕೇಳುತ್ತಿತ್ತು. ನಾನು ದಿಂಬಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅವಳು ಹೋಗಿ ನಲವತ್ತನೇ ದಿನದ ಫಾತೆಹಾ ಕಳೆದ ಮೇಲೆ ಅಮ್ಮಿ ಮನೆ ಗುಡಿಸುವಾಗ ಡಬ್ಬಿಯನ್ನು ಜೋಡಿ ಗೂಡಿನ ಕುಕ್ಕೆಗೆ ಸುರಿದು, ಕೊಳ್ಳಲು ಬಂದವನಿಗೆ ಕೊಟ್ಟುಬಿಟ್ಟಳು. ಅವಳಿಗೆ ಓದು ಬರುತ್ತಿರಲಿಲ್ಲ, ಶಾಯಿ ಮೆತ್ತಿದ ಗೂಡು ಅಂದುಕೊಂಡಿರಬೇಕು. ಆದರೂ ಒಂದನ್ನು ಯಾಕೆ ಉಳಿಸಿಕೊಂಡಳೋ. ಕೇಳೋಣವೆಂದರೆ ಈಗ ಅಮ್ಮಿಯೂ ಇಲ್ಲ. ಅಬ್ಬಾ ಸಾಯುವ ತನಕ ಬಂದವರಿಗೆಲ್ಲ ಆ ಪೇಪರಿನ ಕಥೆ ಹೇಳುತ್ತಿದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಟ್ರಂಕು ಖಾಲಿ ಮಾಡಿದ ದಿನ ಗೂಡನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಹಿಂದೆ ಹೋದೆ. ನಮ್ಮ ಮನೆಯ ಜಾಗದಲ್ಲಿ ಈಗ ಪೈಪಿನ ಅಂಗಡಿ, ಆದರೆ ಕಾನ್ವೆಂಟು ಹಾಗೇ ಇದೆ, ಕಾಂಪೌಂಡು ಮಾತ್ರ ಎತ್ತರವಾಗಿದೆ. ಒಳಗೆ ಸಣ್ಣ ಮಕ್ಕಳು ಗಂಟಲು ಹರಿಯುವ ಹಾಗೆ ಎ, ಬಿ, ಸಿ ಕೂಗುತ್ತಿದ್ದರು. ಹೇಳಿಕೊಡುತ್ತಿದ್ದ ಹೆಣ್ಣುಮಗಳ ದನಿ ನಡುನಡುವೆ ಕೇಳುತ್ತಿತ್ತು, ಮುಖ ಕಾಣಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ಗೇಟಿನ ವಾಚ್‌ಮನ್ ಹತ್ತಿರ ಬಂದು, "ಯಾರು ಬೇಕಾಗಿತ್ತಮ್ಮ?" ಅಂದ.

"ಯಾರೂ ಇಲ್ಲ" ಅಂದೆ.