ವಾಪಸ್ ಬಂದ ಕುಂಚಿಗೆ

ಶಾಮನೂರಿನ ಮನೆಯಲ್ಲಿ ನಾನು ಕುಂಚಿಗೆ ಹೊಲಿದು ಮಾರುತ್ತೇನೆ. ಕೂಸಿನ ತಲೆ, ಬೆನ್ನು ಎರಡನ್ನೂ ಮುಚ್ಚುವ, ಗಲ್ಲದ ಕೆಳಗೆ ಲಾಡಿ ಕಟ್ಟುವ ಟೊಪ್ಪಿಗೆ ಅದು. ಲಾಡಿಯ ತುದಿಗೆ ಗೊಂಡೆ, ಗೊಂಡೆಗೆ ಬಣ್ಣದ ಮಣಿ. ಜರ್ಮನಿಯಲ್ಲಿ ಮಕ್ಕಳ ಬಟ್ಟೆ ಅಂಗಡಿ ಇಟ್ಟ ಹೆಂಗಸೊಬ್ಬಳು ಆನ್‌ಲೈನಿನಲ್ಲಿ ನೋಡಿ ಒಂದು ಡಬ್ಬ ತರಿಸಿಕೊಂಡಾಗ ಓಣಿಯಲ್ಲಿ ನನ್ನ ನಡಿಗೆಯೇ ಬದಲಾಗಿತ್ತು.

ಹೋದ ಡಬ್ಬ ಹಾಗೇ ವಾಪಸ್ ಬಂತು. ಪುಟ್ಟ ಮಕ್ಕಳ ಟೊಪ್ಪಿಗೆಗೆ ಕುತ್ತಿಗೆ ಬಿಗಿಯುವ ಲಾಡಿ, ಕಿತ್ತು ಬರುವ ಮಣಿ ಇದ್ದರೆ ಅಲ್ಲಿನ ಕಾನೂನು ಒಪ್ಪುವುದಿಲ್ಲವಂತೆ. ಮಾರಿದರೆ ಅವಳ ಮೇಲೂ ಕೇಸು. ಆಸೆಪಟ್ಟು ತರಿಸಿದ್ದೆ, ಕ್ಷಮಿಸಿ ಎಂದು ಬರೆದಿದ್ದಳು. ನನಗೆ ಮೈಯೆಲ್ಲ ಉರಿಯಿತು. ನಾವೆಲ್ಲ ಇದನ್ನೇ ಕಟ್ಟಿಕೊಂಡು ಬೆಳೆದವರು, ಯಾರೂ ಸತ್ತಿಲ್ಲ ಎಂದು ಉತ್ತರ ಗೀಚಿದೆ. ಆಮೇಲೆ ಸುಮ್ಮನೆ ಡಬ್ಬದಿಂದ ಒಂದು ಕುಂಚಿಗೆ ತೆಗೆದು ಅದರ ಮಣಿ ಎಳೆದು ನೋಡಿದೆ. ಕೈಗೇ ಬಂತು. ಅವಳನ್ನು ಬೈಯುತ್ತಲೇ ಅದನ್ನು ಮತ್ತೆ ಕೂಡಿಸಿ, ದಾರಕ್ಕೆ ಇನ್ನೊಂದು ಗಂಟು ಹಾಕಿದೆ.

ಅದೇ ಕುಂಚಿಗೆಯನ್ನು ಹರಿಹರದ ಅಣ್ಣನ ಮನೆಗೆ ಒಯ್ದೆ. ಅಷ್ಟು ಚೆಂದದ ಕಸೂತಿಯನ್ನು ಮೂಲೆಗಿಡಲು ಮನಸ್ಸು ಬರಲಿಲ್ಲ. ಬಾಣಂತನ ಮುಗಿಸಿದ ಅಣ್ಣನ ಮಗಳನ್ನು ಐದು ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಕಳಿಸುವ ದಿನ ಅದು. ತವರಿನ ಕುಂಚಿಗೆ ಹಾಕಿಕೊಂಡೇ ಕೂಸು ಹೊಸಿಲು ದಾಟಬೇಕು. ಲಾಡಿಯನ್ನು ನಾನೇ ಕಟ್ಟಿದೆ.

“ನಮ್ಮತ್ತಿ ಫಾರಿನ್ನಿಗೆ ಕಳ್ಸೋದು ಇದನ್ನೇ, ನೋಡ್ರಿ,” ಎಂದು ಅಣ್ಣನ ಮಗಳು ಕರೆದೊಯ್ಯಲು ಬಂದ ಬೀಗರಿಗೆ ತೋರಿಸಿದಳು. ನಾನು ನಕ್ಕೆ.

ಬೀಗರು ಊಟಕ್ಕೆ ಕೂತರು. ತಾಯಿಯ ತೊಡೆಯ ಮೇಲಿದ್ದ ಕೂಸು ಗೊಂಡೆ ಚೀಪುತ್ತಿತ್ತು. ಇದ್ದಕ್ಕಿದ್ದಂತೆ ಚೀಪುವುದು ನಿಂತಿತು. ಬಾಯಿ ತೆರೆದಿತ್ತು, ಅಳು ಹೊರಡಲಿಲ್ಲ, ಮುಖ ಕೆಂಪೇರಿತು. ಏನಾಯಿತೆಂದು ಬೇರೆಯವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಕೂಸನ್ನು ಕಸಿದುಕೊಂಡು ಬೋರಲು ಹಾಕಿ ಬೆನ್ನಿಗೆ ಬಡಿದೆ. ಹಸಿರು ಮಣಿ ನೆಲಕ್ಕೆ ಬಿತ್ತು, ಕೂಸು ಚೀರಿತು.

“ಅತ್ತಿ, ನೀವಿರಲಿಲ್ಲ ಅಂದಿದ್ರೆ ನನ್ನ ಕೂಸು ಹೋಗೇ ಬಿಡ್ತಿತ್ರಿ,” ಎಂದು ಅಣ್ಣನ ಮಗಳು ಅಳುತ್ತ ನನ್ನ ಕಾಲು ಹಿಡಿದಳು. ಅವಳ ಗಂಡನ ತಾಯಿ, “ದೇವ್ರು ಬಂದಂಗ ಬಂದ್ರಿ,” ಎಂದು ಕೈಮುಗಿದರು.

ಎಳೆದರೆ ಮಣಿ ಕಿತ್ತು ಬರುತ್ತದೆಂದು ನನಗೆ ಗೊತ್ತಿತ್ತು ಎಂದು ಆಗಲೇ ಹೇಳಬೇಕಿತ್ತು. ಬಗ್ಗಿದ ಆ ತಲೆಯ ಮೇಲೆ ಕೈಯಿಟ್ಟು, “ಚೆಂದಾಗಿರವ್ವ,” ಎಂದು ಹರಸಿದೆ.